ದನಿಗೆ ದಾರಿ ಹಾಕುವುದು: ಮಿಕ್ಸಿಂಗ್‌ನಲ್ಲಿ ಬಸ್, ಸೆಂಡ್ ಬಳಸುವ ಕ್ರಮ

‘ಪ್ರತಿ ಟ್ರ್ಯಾಕಿಗೂ ರಿವರ್ಬ್ ಹಾಕಿದ್ದೇನೆ, ಹಾಡೆಲ್ಲ ಕಲಸಿಹೋಗಿದೆ.’ ‘ಬಸ್ ಮಾಡಿದ ಮೇಲೆ ತಬಲ ಇದ್ದಕ್ಕಿದ್ದಂತೆ ಜೋರಾಯಿತು.’ ‘ಗಾಯಕಿಯ ಫೇಡರ್ ಪೂರ್ತಿ ಇಳಿಸಿದರೂ ಹಿಂದೆಲ್ಲೋ ಆಕೆಯ ದನಿ ಕೇಳಿಸುತ್ತದೆ, ಯಾಕೆ?’ ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. (ರಿವರ್ಬ್ ಎಂದರೆ ದನಿಗೆ ಕೋಣೆಯ ಪ್ರತಿಧ್ವನಿ ಸೇರಿಸುವುದು, ಫೇಡರ್ ಎಂದರೆ ಟ್ರ್ಯಾಕಿನ ಮಟ್ಟ ಏರಿಳಿಸುವ ಸ್ಲೈಡರ್.) ಮೂರಕ್ಕೂ ಮೂಲ ಒಂದೇ. ದನಿ ಯಾವ ದಾರಿಯಲ್ಲಿ ಹೋಗಿ ಮಾಸ್ಟರ್ (ಎಲ್ಲ ದನಿಗಳೂ ಕೊನೆಗೆ ಕೂಡಿ ಹೊರಬರುವ ಟ್ರ್ಯಾಕ್) ಸೇರುತ್ತಿದೆ ಎಂಬ ಲೆಕ್ಕ ತಪ್ಪಿದೆ. ಪ್ಲಗಿನ್ (ದನಿಯನ್ನು ಮಾರ್ಪಡಿಸುವ ಸಣ್ಣ ಸಾಫ್ಟ್‌ವೇರ್) ಬದಲಾಯಿಸಿ ಇದನ್ನು ಸರಿಮಾಡಲಾಗದು. ದುಬಾರಿ ರಿವರ್ಬ್ ಕೊಂಡರೂ ಹಾಡು ಹೀಗೇ ಕಲಸಿಹೋಗುತ್ತದೆ.

ಹಾಗಾಗಿ ಮುಂದೆ ಬರುವ ಪ್ರತಿ ಹಂತದಲ್ಲೂ ನೀವು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ದನಿ ಎಷ್ಟು ದಾರಿಯಲ್ಲಿ ಮಾಸ್ಟರಿಗೆ ಹೋಗುತ್ತಿದೆ? ಉತ್ತರ ನಿಮಗೆ ಗೊತ್ತಿದ್ದರೆ ಅರ್ಧ ಮಿಕ್ಸ್ ಆದಂತೆ.

ಉದಾಹರಣೆಗೆ ಒಂದು ಭಾವಗೀತೆಯನ್ನು ಇಟ್ಟುಕೊಳ್ಳೋಣ. ಒಟ್ಟು 13 ಟ್ರ್ಯಾಕ್: ಮುಖ್ಯ ದನಿ ಒಂದು, ಕೋರಸ್ ಮೂರು, ತಬಲಕ್ಕೆ ಎರಡು ಮೈಕ್ (ಬಲಗೈಯಲ್ಲಿ ನುಡಿಸುವ ‘ಬಲ’ಕ್ಕೊಂದು, ಎಡಗೈಯ ‘ಡಗ್ಗಾ’ಕ್ಕೊಂದು), ಢೋಲಕ್, ತಾಳ, ಹಾರ್ಮೋನಿಯಂ, ಕೊಳಲು, ಗಿಟಾರ್, ಕೀಬೋರ್ಡ್ ಪ್ಯಾಡ್, ತಂಬೂರಿ. ಸಾಫ್ಟ್‌ವೇರ್ ರೀಪರ್. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಬೇಕಾದ ಪ್ಲಗಿನ್‌ಗಳೆಲ್ಲ ಜೊತೆಗೇ ಬರುತ್ತವೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಹೆಸರುಗಳ ಹೊಂದಾಣಿಕೆಯನ್ನು ಕೊನೆಯ ಕಡೆಗೆ ಕೊಟ್ಟಿದ್ದೇನೆ.

ಮೊದಲು ಮಾತುಗಳು

ಇನ್ಸರ್ಟ್: ಟ್ರ್ಯಾಕಿನ ಮೇಲೆ ನೇರವಾಗಿ ಕೂರಿಸಿದ ಪ್ಲಗಿನ್. ಆ ಟ್ರ್ಯಾಕಿನ ದನಿ ಇಡಿಯಾಗಿ ಅದರ ಮೂಲಕವೇ ಹೋಗಬೇಕು. ಇಕ್ಯೂ (ಮಂದ್ರ, ತಾರಗಳ ಪ್ರಮಾಣ ಹೊಂದಿಸುವುದು), ಕಂಪ್ರೆಸರ್ (ಜೋರಾದ ದನಿಯನ್ನು ಅದುಮುವುದು) ಸಾಮಾನ್ಯವಾಗಿ ಇಲ್ಲಿ ಇರುತ್ತವೆ.

ಬಸ್: ಹಲವು ಟ್ರ್ಯಾಕ್‌ಗಳು ಒಟ್ಟಾಗಿ ಸೇರುವ ದಾರಿ. ಬಸ್ಸಿಗೆ ಹೋದ ದನಿ ಅಲ್ಲಿಂದ ಮಾಸ್ಟರಿಗೆ ಹೋಗುತ್ತದೆ. ಟ್ರ್ಯಾಕಿನಿಂದ ಮಾಸ್ಟರಿಗೆ ಬೇರೆ ನೇರ ದಾರಿ ಇರಕೂಡದು.

ಸೆಂಡ್: ದನಿಯ ನಕಲು. ಮೂಲ ಪ್ರತಿ ನಿಮ್ಮ ಕೈಯಲ್ಲೇ ಇರುತ್ತದೆ, ಜೆರಾಕ್ಸ್ ಮಾತ್ರ ಇನ್ನೊಂದು ಕಡೆಗೆ ಹೋಗುತ್ತದೆ. ಎಷ್ಟು ಜೆರಾಕ್ಸ್ ತೆಗೆದರೂ ಮೂಲ ಕಡಿಮೆಯಾಗುವುದಿಲ್ಲ.

ರಿಟರ್ನ್: ಆ ನಕಲು ಹೋಗಿ ಸೇರುವ ಟ್ರ್ಯಾಕ್. ರಿವರ್ಬ್, ಡಿಲೇ (ದನಿಯನ್ನು ಸ್ವಲ್ಪ ತಡವಾಗಿ ಮರುಕಳಿಸುವುದು) ಇರುವುದು ಇಲ್ಲಿ. ಇದನ್ನೇ ಆಕ್ಸ್ ಎಂದೂ ಎಫ್‌ಎಕ್ಸ್ ಟ್ರ್ಯಾಕ್ ಎಂದೂ ಕರೆಯುವವರಿದ್ದಾರೆ.

ಕಂಪ್ಯೂಟರ್ ಬರುವ ಎಷ್ಟೋ ಮುಂಚೆಯೇ ಈ ಏರ್ಪಾಡು ಇತ್ತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಪ್ರತಿಧ್ವನಿಗೆಂದೇ ಕೋಣೆಗಳಿದ್ದವು. ದನಿಯ ಒಂದು ಪಾಲನ್ನು ಆ ಕೋಣೆಯ ಸ್ಪೀಕರಿಗೆ ಕಳಿಸಿ, ಅಲ್ಲಿನ ಮೈಕ್‌ನಲ್ಲಿ ಹಿಡಿದು ಮತ್ತೆ ಮಿಕ್ಸರಿಗೆ ತರುತ್ತಿದ್ದರು. 1957ರಲ್ಲಿ ಬಂದ ಜರ್ಮನಿಯ ಇಎಂಟಿ 140 ಪ್ಲೇಟ್ ರಿವರ್ಬ್ ಸುಮಾರು 270 ಕಿಲೋ ತೂಗುತ್ತಿತ್ತು. ಹಾಡುಗಾರನಿಗೊಂದು, ಪಿಟೀಲಿಗೊಂದು ಎಂದು ತರಿಸಿಕೊಳ್ಳುವ ವಸ್ತುವಲ್ಲ ಅದು. ಇರುವ ಒಂದನ್ನೇ ಎಲ್ಲರೂ ಹಂಚಿಕೊಳ್ಳಬೇಕಿತ್ತು. ಹಂಚಿಕೊಂಡಿದ್ದರಿಂದಲೇ ಎಲ್ಲ ವಾದ್ಯಗಳೂ ಒಂದೇ ಜಾಗದಲ್ಲಿ ಕೂತು ನುಡಿಸಿದಂತೆ ಕೇಳುತ್ತಿದ್ದವು. ಇವತ್ತು 13 ಟ್ರ್ಯಾಕಿಗೆ 13 ರಿವರ್ಬ್ ಹಾಕಲು ಯಾವ ತಡೆಯೂ ಇಲ್ಲ. ಹಾಡು ಕಲಸಿಹೋಗುವುದೂ ಅದರಿಂದಲೇ.

1. ಕಾಗದದ ಮೇಲೆ ದಾರಿ ಬರೆಯಿರಿ

ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಟ್ರ್ಯಾಕ್‌ಗಳು, ನಡುವೆ ಬಸ್‌ಗಳು, ಬಲಗಡೆ ಮಾಸ್ಟರ್. ನಮ್ಮ ಹಾಡಿಗೆ ಮೂರು ಬಸ್ ಸಾಕು:

- ಕೋರಸ್ ಬಸ್: ಮೂರು ಕೋರಸ್ ದನಿಗಳು
- ಲಯ ಬಸ್: ತಬಲದ ಎರಡು ಮೈಕ್, ಢೋಲಕ್, ತಾಳ
- ಸ್ವರ ಬಸ್: ಹಾರ್ಮೋನಿಯಂ, ಕೊಳಲು, ಗಿಟಾರ್, ಪ್ಯಾಡ್, ತಂಬೂರಿ

ಮುಖ್ಯ ದನಿಗೆ ಬಸ್ ಬೇಡ. ಒಂದೇ ಟ್ರ್ಯಾಕಿಗೆ ಬಸ್ ಕಟ್ಟಿದರೆ ಒಂದು ಫೇಡರ್ ಹೆಚ್ಚಾಯಿತೇ ಹೊರತು ಬೇರೇನೂ ಲಾಭವಿಲ್ಲ. ಹತ್ತು ಬಸ್‌ಗಳ ಸಿದ್ಧ ಟೆಂಪ್ಲೇಟ್ ಸಿಕ್ಕಿತೆಂದು ಅದರೊಳಗೆ ಹಾಡನ್ನು ತುರುಕಬೇಡಿ. ಎಷ್ಟು ಬಸ್ ಬೇಕೆಂದು ಹಾಡೇ ಹೇಳಬೇಕು.

ಟ್ರ್ಯಾಕ್‌ಗಳಿಗೆ ಹೆಸರಿಡುವುದೂ ಈಗಲೇ ಆಗಲಿ. ‘ಆಡಿಯೋ 7’ ಎಂದರೆ ಕೊಳಲೋ ಢೋಲಕ್ಕೋ ಎಂದು ಸೆಂಡ್ ಪಟ್ಟಿಯಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

2. ಬಸ್ ಕಟ್ಟಿ

ರೀಪರಿನಲ್ಲಿ ಬಸ್ ಎಂಬ ಬೇರೆ ಬಗೆಯ ಟ್ರ್ಯಾಕ್ ಇಲ್ಲ. ಯಾವ ಟ್ರ್ಯಾಕ್ ಬೇಕಾದರೂ ಬಸ್ ಆಗಬಹುದು. ಸುಲಭದ ದಾರಿ ಫೋಲ್ಡರ್. ಕಂಟ್ರೋಲ್ ಮತ್ತು ಟಿ ಒತ್ತಿ ಹೊಸ ಟ್ರ್ಯಾಕ್ ತೆಗೆಯಿರಿ, ‘ಲಯ’ ಎಂದು ಹೆಸರಿಡಿ, ಅದರ ಫೋಲ್ಡರ್ ಚಿಹ್ನೆ ಒತ್ತಿ ಫೋಲ್ಡರ್ ಮಾಡಿ, ತಬಲ, ಢೋಲಕ್, ತಾಳದ ಟ್ರ್ಯಾಕ್‌ಗಳನ್ನು ಎಳೆದು ಅದರೊಳಗೆ ಹಾಕಿ. ಒಳಗಿನ ಟ್ರ್ಯಾಕ್‌ಗಳು ಸ್ವಲ್ಪ ಬಲಕ್ಕೆ ಸರಿದು ನಿಲ್ಲುತ್ತವೆ. ಈಗ ಅವುಗಳ ದನಿ ಮಾಸ್ಟರಿಗೆ ನೇರವಾಗಿ ಹೋಗದೆ ‘ಲಯ’ದ ಮೂಲಕ ಹೋಗುತ್ತದೆ. ಕೋರಸ್ಸಿಗೂ ಸ್ವರಕ್ಕೂ ಹೀಗೇ ಮಾಡಿ.

ಫೋಲ್ಡರ್ ಬಿಟ್ಟು ಸೆಂಡ್ ಮೂಲಕ ಬಸ್ ಕಟ್ಟುವವರಿದ್ದಾರೆ. ಅದೂ ಸರಿಯೇ, ಆದರೆ ಅಲ್ಲೊಂದು ಅಪಾಯ ಇದೆ. ತಬಲದಿಂದ ಬಸ್ಸಿಗೆ ಸೆಂಡ್ ಹಾಕಿದಿರಿ. ತಬಲದ ರೌಟಿಂಗ್ ಕಿಟಕಿಯಲ್ಲಿ ‘ಮಾಸ್ಟರ್ ಸೆಂಡ್’ ಎಂಬ ಟಿಕ್ ಹಾಗೇ ಉಳಿದಿದೆ. ಈಗ ತಬಲ ಎರಡು ದಾರಿಯಲ್ಲಿ ಮಾಸ್ಟರಿಗೆ ಹೋಗುತ್ತಿದೆ, ನೇರವಾಗಿ ಒಮ್ಮೆ, ಬಸ್ಸಿನ ಮೂಲಕ ಇನ್ನೊಮ್ಮೆ. ಒಂದೇ ದನಿ ಅಷ್ಟೇ ಮಟ್ಟದಲ್ಲಿ ಎರಡು ಸಲ ಕೂಡಿದರೆ 6 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಏರುತ್ತದೆ. ‘ಇದ್ದಕ್ಕಿದ್ದಂತೆ ಜೋರಾಯಿತು’ ಎಂಬ ಪ್ರಶ್ನೆಗೆ ಉತ್ತರ ಇದು. ಜೋರಾಗುವುದಷ್ಟೇ ಆದರೆ ಫೇಡರ್ ಇಳಿಸಿ ಸುಮ್ಮನಾಗಬಹುದಿತ್ತು. ಆಮೇಲೆ ನೀವು ಬಸ್ಸಿನ ಮೇಲೆ ಕಂಪ್ರೆಸರ್ ಹಾಕುತ್ತೀರಿ, ಮುಟ್ಟದ ತಬಲ ಪಕ್ಕದ ದಾರಿಯಲ್ಲಿ ಹಾಗೇ ಹೋಗುತ್ತಿರುತ್ತದೆ, ‘ಕಂಪ್ರೆಸರ್ ಕೆಲಸವೇ ಮಾಡುತ್ತಿಲ್ಲ’ ಎಂದು ಗುಂಡಿ ತಿರುಗಿಸುತ್ತಾ ಕೂರುತ್ತೀರಿ. ಆ ಟಿಕ್ ತೆಗೆಯಿರಿ.

ಎಫ್‌ಎಲ್ ಸ್ಟುಡಿಯೋ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲೂ ಇದೇ ಅಪಾಯ ಇದೆ. ಮಿಕ್ಸರಿನಲ್ಲಿ ಬಸ್ಸಿನ ಬಾಣದ ಗುರುತನ್ನು ಸುಮ್ಮನೆ ಒತ್ತಿದರೆ ಮಾಸ್ಟರಿನ ಸಂಪರ್ಕ ಕಡಿಯುವುದಿಲ್ಲ. ಬಲ ಕ್ಲಿಕ್ ಮಾಡಿ ‘ರೌಟ್ ಟು ದಿಸ್ ಟ್ರ್ಯಾಕ್ ಓನ್ಲಿ’ ಎಂಬುದನ್ನೇ ಆರಿಸಿ.

3. ಬಸ್ಸಿನ ಮಟ್ಟ ನೋಡಿ

ಬಸ್ಸಿಗೆ ದನಿಗಳು ಸೇರಿದಂತೆ ಮಟ್ಟ ಏರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ, ಸಮಾನ ಮಟ್ಟದ ಎರಡು ದನಿ ಕೂಡಿದರೆ ಸುಮಾರು 3 ಡಿಬಿ, ನಾಲ್ಕು ಕೂಡಿದರೆ ಸುಮಾರು 6 ಡಿಬಿ. ಬಿಡಿ ಟ್ರ್ಯಾಕ್‌ಗಳ ಅತಿ ಹೆಚ್ಚಿನ ಮಟ್ಟ ಮೈನಸ್ 12 ಡಿಬಿ ಆಸುಪಾಸಿನಲ್ಲಿದ್ದರೆ ಬಸ್ಸಿನಲ್ಲಿ ಉಸಿರಾಡಲು ಜಾಗ ಸಿಗುತ್ತದೆ.

ರೀಪರ್ ಒಳಗಿನ ಲೆಕ್ಕ 64 ಬಿಟ್ ಫ್ಲೋಟಿಂಗ್ ಪಾಯಿಂಟಿನದು, ಅಂದರೆ ಮಟ್ಟ ಸೊನ್ನೆ ದಾಟಿದರೂ ಒಳಗೆ ದನಿ ಕತ್ತರಿಸಿಹೋಗುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ಕೆಂಪು ದೀಪ ಹತ್ತಿದೊಡನೆ ಗಾಬರಿ ಬೇಡ. ಹಳೆಯ ಯಂತ್ರಗಳ ಗುಣ ಅನುಕರಿಸುವ ಪ್ಲಗಿನ್‌ಗಳು ಮಾತ್ರ ಹೆಚ್ಚು ಮಟ್ಟ ಹೋದರೆ ದನಿಯನ್ನು ಒರಟಾಗಿಸುತ್ತವೆ. ಮಾಸ್ಟರಿನಲ್ಲಿ ಕೆಂಪು ಬಂದರೆ ಖಂಡಿತ ಬಿಡಬೇಡಿ, 24 ಬಿಟ್ ಫೈಲ್ ಬರೆಯುವಾಗ ಅದು ಕತ್ತರಿಸುತ್ತದೆ.

ಲಯ ಬಸ್ಸಿನ ಮೇಲೆ ಹಗುರವಾದ ಕಂಪ್ರೆಸರ್ ಚೆನ್ನಾಗಿ ಕೂರುತ್ತದೆ. ಅನುಪಾತ 2:1, ಅಟ್ಯಾಕ್ 30 ಮಿಲಿಸೆಕೆಂಡ್ ಆಸುಪಾಸು, 2 ಡಿಬಿಗಿಂತ ಹೆಚ್ಚು ಅದುಮಬೇಡಿ. ಅಟ್ಯಾಕ್ ಎಂದರೆ ದನಿ ಏರಿದ ಮೇಲೆ ಕಂಪ್ರೆಸರ್ ಎಷ್ಟು ಬೇಗ ಹಿಡಿಯುತ್ತದೆ ಎಂಬುದು. 1 ಮಿಲಿಸೆಕೆಂಡಿಗೆ ಇಳಿಸಿದರೆ ತಬಲದ ‘ನಾ’ದ ಮೊನೆ ಮುರಿಯುತ್ತದೆ.

4. ರಿವರ್ಬಿಗೆ ಟ್ರ್ಯಾಕ್ ತೆಗೆಯಿರಿ

ಎರಡು ರಿವರ್ಬ್ ಸಾಕು: ಒಂದು ‘ಚಿಕ್ಕ ಕೋಣೆ’, ಒಂದು ‘ದೊಡ್ಡ ಸಭಾಂಗಣ’. ಚಿಕ್ಕ ಕೋಣೆ ಲಯ ವಾದ್ಯಗಳಿಗೆ ಮಾತ್ರ. ಆ ಟ್ರ್ಯಾಕನ್ನು ಲಯ ಫೋಲ್ಡರಿನ ಒಳಗೇ ಇಡಿ, ಕಾರಣ ಮುಂದೆ ಬರುತ್ತದೆ. ದೊಡ್ಡ ಸಭಾಂಗಣ ಉಳಿದ ಎಲ್ಲರಿಗೂ. ಅದು ಯಾವ ಫೋಲ್ಡರಿನ ಒಳಗೂ ಇರಕೂಡದು. ಹೊಸ ಟ್ರ್ಯಾಕನ್ನು ಫೋಲ್ಡರಿನ ಕೊನೆಯ ಟ್ರ್ಯಾಕಿನ ಕೆಳಗೆ ಸೇರಿಸುವಾಗ ಅದು ಅರಿವಿಲ್ಲದೆ ಫೋಲ್ಡರಿನೊಳಗೆ ಜಾರಬಹುದು. ಎಡ ಅಂಚಿಗೆ ಸರಿಯಾಗಿ ನಿಂತಿದೆಯೇ ನೋಡಿ.

ಎರಡರ ಮೇಲೂ ‘ರಿಯಾವರ್ಬೇಟ್’ ಪ್ಲಗಿನ್ ಹಾಕಿ. ಅದರಲ್ಲಿ ವೆಟ್, ಡ್ರೈ ಎಂಬ ಎರಡು ಸ್ಲೈಡರ್ ಇವೆ. ವೆಟ್ ಎಂದರೆ ರಿವರ್ಬ್ ಆದ ದನಿ, ಡ್ರೈ ಎಂದರೆ ಬಂದ ದನಿ ಬಂದ ಹಾಗೇ. ಡ್ರೈಯನ್ನು ಪೂರ್ತಿ ಕೆಳಗಿಳಿಸಿ. ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಡ್ರೈ ಉಳಿದರೆ ಗಾಯಕಿಯ ಒಣದನಿ ಸೆಂಡ್ ಮೂಲಕ ಇನ್ನೊಂದು ದಾರಿ ಹಿಡಿದು ಮಾಸ್ಟರ್ ಸೇರುತ್ತದೆ. ಸೆಂಡ್ ಏರಿಸಿದಷ್ಟೂ ರಿವರ್ಬ್ ಜೊತೆಗೆ ದನಿಯೂ ಏರುತ್ತದೆ, ಯಾವುದು ಎಷ್ಟು ಎಂದು ಕಿವಿಗೆ ತಿಳಿಯುವುದೇ ಇಲ್ಲ. ‘ಮಿಕ್ಸ್’ ಎಂಬ ಒಂದೇ ಗುಂಡಿಯಿರುವ ಪ್ಲಗಿನ್ ಆದರೆ ಅದನ್ನು 100ಕ್ಕೆ ಇಟ್ಟು ಮತ್ತೆ ಮುಟ್ಟಬೇಡಿ.

ಅದೇ ಪ್ಲಗಿನ್ನಿನಲ್ಲಿ ಹೈಪಾಸ್ ಇದೆ, ಮಂದ್ರದ ಗುಯ್ಗುಡುವಿಕೆಯನ್ನು ತಡೆಯುವ ಫಿಲ್ಟರ್. ಸಭಾಂಗಣಕ್ಕೆ ಅದನ್ನು 250 ಹರ್ಟ್ಸ್ ಆಸುಪಾಸಿಗೆ ಇಡಿ. ಲೋಪಾಸ್ ತಾರದ ಸಿಳ್ಳನ್ನು ತಡೆಯುತ್ತದೆ, 7,000 ಹರ್ಟ್ಸ್‌ನಿಂದ ಶುರುಮಾಡಿ. ಸ, ಶ, ಚ ಬಂದಲ್ಲೆಲ್ಲ ರಿವರ್ಬ್ ‘ಸ್‌ಸ್’ ಎನ್ನುತ್ತಿದ್ದರೆ ಇನ್ನೂ ಇಳಿಸಿ. ‘ಇನಿಷಿಯಲ್ ಡಿಲೇ’ ಎಂಬುದು ಪ್ರೀಡಿಲೇ, ದನಿ ಬಂದು ಎಷ್ಟು ಹೊತ್ತಿಗೆ ರಿವರ್ಬ್ ಶುರುವಾಗಬೇಕು ಎಂಬ ಲೆಕ್ಕ. 30 ಮಿಲಿಸೆಕೆಂಡ್ ಇಟ್ಟರೆ ಅಕ್ಷರ ಮೊದಲು ಸ್ಪಷ್ಟವಾಗಿ ಕೇಳಿ, ರಿವರ್ಬ್ ಆಮೇಲೆ ಬರುತ್ತದೆ. ಭಾವಗೀತೆಯಲ್ಲಿ ಸಾಹಿತ್ಯ ಕೇಳಲೇಬೇಕು. ಇಲ್ಲಿ ಸೋತರೆ ಬೇರೆಲ್ಲಿ ಗೆದ್ದೂ ಪ್ರಯೋಜನವಿಲ್ಲ.

5. ಯಾರಿಗೆ ಎಷ್ಟು

ಟ್ರ್ಯಾಕಿನ ರೌಟ್ ಗುಂಡಿ ಒತ್ತಿ, ‘ಆಡ್ ನ್ಯೂ ಸೆಂಡ್’ ಪಟ್ಟಿಯಿಂದ ರಿವರ್ಬ್ ಟ್ರ್ಯಾಕ್ ಆರಿಸಿ. ರೌಟ್ ಗುಂಡಿಯನ್ನೇ ಹಿಡಿದೆಳೆದು ರಿವರ್ಬ್ ಟ್ರ್ಯಾಕಿನ ಮೇಲೆ ಬಿಟ್ಟರೂ ಆಗುತ್ತದೆ. ಹೊಸ ಸೆಂಡ್ ಸೊನ್ನೆ ಡಿಬಿಯಲ್ಲಿ ಬರುತ್ತದೆ, ಅಂದರೆ ಪೂರ್ತಿ ಮಟ್ಟ. ಅದು ಬಹಳ ಹೆಚ್ಚು. ಮೊದಲು ಕೆಳಗಿಳಿಸಿ, ಆಮೇಲೆ ಏರಿಸುತ್ತಾ ಬನ್ನಿ.

ಮುಖ್ಯ ದನಿ: ಮೈನಸ್ 14ರಿಂದ ಶುರುಮಾಡಿ. ಬರೀ ದನಿಯನ್ನು ಸೋಲೋ ಮಾಡಿ ರಿವರ್ಬ್ ಹೊಂದಿಸಬೇಡಿ. ಒಂಟಿಯಾಗಿ ಕೇಳುವಾಗ ಸೊಗಸಾದದ್ದು ವಾದ್ಯಗಳ ನಡುವೆ ಕಾಣೆಯಾಗುತ್ತದೆ, ಇಲ್ಲವೇ ಉಕ್ಕುತ್ತದೆ. ಎಲ್ಲ ವಾದ್ಯಗಳೂ ನುಡಿಯುತ್ತಿರಲಿ. ರಿವರ್ಬ್ ಇದೆಯೆಂದು ಗೊತ್ತಾಗುವವರೆಗೆ ಏರಿಸಿ, ನಂತರ 2 ಡಿಬಿ ಇಳಿಸಿ.

ಕೋರಸ್: ಮೂರು ಟ್ರ್ಯಾಕ್‌ಗಳಿಂದ ಮೂರು ಸೆಂಡ್ ಬೇಡ, ಕೋರಸ್ ಬಸ್ಸಿನಿಂದ ಒಂದೇ ಸಾಕು. ಮುಖ್ಯ ದನಿಯ ಸೆಂಡಿಗಿಂತ 3–4 ಡಿಬಿ ಹೆಚ್ಚೇ ಇರಲಿ. ರಿವರ್ಬ್ ಹೆಚ್ಚಾದಂತೆ ದನಿ ಹಿಂದಕ್ಕೆ ಸರಿದಂತೆ ಕೇಳುತ್ತದೆ, ಕೋರಸ್ ಇರಬೇಕಾದ ಜಾಗವೂ ಅದೇ.

ತಬಲ: ಇಲ್ಲಿ ಸ್ವಲ್ಪ ನಿಧಾನಿಸಿ. ಬಲದ ಮೈಕ್‌ನಿಂದ ಮಾತ್ರ ಚಿಕ್ಕ ಕೋಣೆಗೆ ಸೆಂಡ್ ಹಾಕಿ, ಡಗ್ಗಾದ ಮೈಕ್‌ನಿಂದ ಬೇಡ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಮೀಂಡಿನ ಬಹುಪಾಲು ಮಂದ್ರದಲ್ಲಿದೆ. ಅದು ರಿವರ್ಬಿಗೆ ಹೋದರೆ ಜಾರುವ ಸ್ವರದ ಹಿಂದೆ ಅದರ ಹಳೆಯ ಸ್ವರವೂ ನಿಂತಿರುತ್ತದೆ, ಎರಡೂ ಸೇರಿ ಸ್ವರ ಅಳಿಸಿದಂತಾಗುತ್ತದೆ. ಡಗ್ಗಾ ಒಣದಾಗಿ, ಬಲ ಸ್ವಲ್ಪ ಕೋಣೆಯೊಳಗೆ ಇದ್ದರೆ ತಬಲ ತುಂಬಿಯೂ ಕೇಳುತ್ತದೆ, ಬಿಡಿಸಿಯೂ ಕೇಳುತ್ತದೆ. ಎರಡು ಮೈಕ್‌ಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಬಲದ ಮೈಕ್‌ಗೂ ಡಗ್ಗಾ ಸ್ವಲ್ಪ ಬಿದ್ದಿರುತ್ತದೆ. ಹಾಗಾಗಿ ಚಿಕ್ಕ ಕೋಣೆಯ ಹೈಪಾಸನ್ನು 300ರವರೆಗೂ ಏರಿಸಬಹುದು. ಢೋಲಕ್ಕಿಗೂ ಇದೇ ಜಾಗ್ರತೆ.

ಕೊಳಲಿಗೆ ಧಾರಾಳವಾಗಿ ಕೊಡಿ, ಅದಕ್ಕೆ ಒಪ್ಪುತ್ತದೆ. ಹಾರ್ಮೋನಿಯಂ ಮುಖ್ಯ ದನಿಯ ಜಾಗದಲ್ಲೇ ನುಡಿಯುತ್ತದೆ. ಅದಕ್ಕೆ ರಿವರ್ಬ್ ಕೊಟ್ಟಷ್ಟೂ ಸಾಹಿತ್ಯ ಮಂಕಾಗುತ್ತದೆ, ಮೈನಸ್ 24 ಸಾಕು. ತಂಬೂರಿಗೆ ಬೇಕಿಲ್ಲ, ಅದು ಮೊದಲೇ ನಿರಂತರ. ಕೀಬೋರ್ಡ್ ಪ್ಯಾಡಿನಲ್ಲಿ ಕಾರ್ಖಾನೆಯಲ್ಲೇ ಹಾಕಿದ ರಿವರ್ಬ್ ಇರುವುದು ಹೆಚ್ಚು. ರೆಕಾರ್ಡ್ ಮಾಡುವಾಗಲೇ ಕೀಬೋರ್ಡಿನಲ್ಲಿ ಅದನ್ನು ಆಫ್ ಮಾಡಿ.

6. ಪ್ರೀ, ಪೋಸ್ಟ್: ನಕಲು ಎಲ್ಲಿಂದ ತೆಗೆಯುತ್ತೀರಿ

ಸೆಂಡಿನ ಪಕ್ಕದಲ್ಲಿ ಪೋಸ್ಟ್-ಫೇಡರ್, ಪ್ರೀ-ಫೇಡರ್ ಎಂಬ ಆಯ್ಕೆ ಇರುತ್ತದೆ. ಪೋಸ್ಟ್ ಎಂದರೆ ಟ್ರ್ಯಾಕಿನ ಫೇಡರ್ ದಾಟಿದ ಮೇಲೆ ತೆಗೆದ ನಕಲು, ಫೇಡರ್ ಇಳಿಸಿದರೆ ನಕಲೂ ಇಳಿಯುತ್ತದೆ. ಪ್ರೀ ಎಂದರೆ ಫೇಡರಿಗಿಂತ ಮುಂಚೆ ತೆಗೆದದ್ದು, ಫೇಡರ್ ಪೂರ್ತಿ ಇಳಿಸಿದರೂ ನಕಲು ಹೋಗುತ್ತಲೇ ಇರುತ್ತದೆ. ರೀಪರಿನಲ್ಲಿ ಪ್ಲಗಿನ್‌ಗಳಿಗೂ ಮುಂಚೆ ತೆಗೆಯುವ ಮೂರನೆಯ ಆಯ್ಕೆ ಇದೆ, ಸದ್ಯಕ್ಕೆ ಅದನ್ನು ಮರೆತುಬಿಡಿ.

ರಿವರ್ಬಿಗೆ, ಡಿಲೇಗೆ ಪೋಸ್ಟ್. ಹಾಡುವವರ ಹೆಡ್‌ಫೋನಿಗೆ ಪ್ರೀ. ಗಾಯಕಿಗೆ ತಂಬೂರಿ ಜೋರಾಗಿ ಬೇಕು, ನಿಮಗೆ ಮಿಕ್ಸಿನಲ್ಲಿ ಸಣ್ಣಗೆ ಬೇಕು. ಪ್ರೀ-ಫೇಡರ್ ಸೆಂಡ್ ಆದರೆ ನೀವು ನಿಮ್ಮ ಫೇಡರ್ ಎಷ್ಟು ಆಡಿಸಿದರೂ ಆಕೆಯ ಕಿವಿಯಲ್ಲಿ ಏನೂ ಬದಲಾಗದು. ಇದಕ್ಕೆ ಆಡಿಯೋ ಇಂಟರ್‌ಫೇಸಿನಲ್ಲಿ ಕನಿಷ್ಠ ನಾಲ್ಕು ಔಟ್‌ಪುಟ್ ಬೇಕು. ಎರಡೇ ಔಟ್‌ಪುಟ್ ಇರುವ ಪೆಟ್ಟಿಗೆಯಲ್ಲಿ ಹೆಡ್‌ಫೋನಿಗೂ ಸ್ಪೀಕರಿಗೂ ಹೋಗುವುದು ಒಂದೇ ಮಿಕ್ಸ್.

ಇನ್ನು ಆ ಮೂರನೇ ಪ್ರಶ್ನೆ. ಫೇಡರ್ ಇಳಿಸಿದರೂ ದನಿ ಕೇಳಿದರೆ ಮೊದಲು ಸೆಂಡ್ ಪ್ರೀ ಆಗಿದೆಯೇ ನೋಡಿ. ಅದು ಪೋಸ್ಟೇ ಆಗಿದ್ದರೆ, ನೀವು ಇಳಿಸಿದ್ದು ಟ್ರ್ಯಾಕಿನ ಫೇಡರೋ ಬಸ್ಸಿನ ಫೇಡರೋ? ಸ್ವರ ಬಸ್ಸನ್ನು 6 ಡಿಬಿ ಇಳಿಸಿದಿರಿ ಎನ್ನಿ. ಕೊಳಲಿನ ಒಣದನಿ 6 ಡಿಬಿ ಇಳಿಯಿತು. ಆದರೆ ಕೊಳಲಿನ ಟ್ರ್ಯಾಕಿನಿಂದ ಸಭಾಂಗಣಕ್ಕೆ ಹೋಗುವ ಸೆಂಡ್ ಬಸ್ಸಿನ ಮೂಲಕ ಹೋಗುವುದೇ ಇಲ್ಲ, ಅದು ಮೊದಲಿನಷ್ಟೇ ಇದೆ. ಕೊಳಲು ಸಣ್ಣದಾಗುವ ಬದಲು ದೂರವಾಗುತ್ತದೆ.

ಮದ್ದು ಮೂರು ಬಗೆ. ಗುಂಪಿಗೆಲ್ಲ ಒಂದೇ ಪ್ರಮಾಣದ ರಿವರ್ಬ್ ಸಾಕಾದರೆ ಬಸ್ಸಿನಿಂದಲೇ ಸೆಂಡ್ ತೆಗೆಯಿರಿ, ಕೋರಸ್ಸಿಗೆ ಮಾಡಿದಂತೆ. ಬೇರೆ ಬೇರೆ ಪ್ರಮಾಣ ಬೇಕಾದರೆ, ರಿವರ್ಬ್ ಆ ಗುಂಪಿಗಷ್ಟೇ ಮೀಸಲಾಗಿದ್ದಲ್ಲಿ, ರಿವರ್ಬ್ ಟ್ರ್ಯಾಕನ್ನೇ ಫೋಲ್ಡರಿನೊಳಗೆ ಇಡಿ. ಚಿಕ್ಕ ಕೋಣೆಯನ್ನು ಲಯದೊಳಗೆ ಇಟ್ಟದ್ದು ಇದಕ್ಕೇ, ಲಯದ ಫೇಡರ್ ಇಳಿಸಿದರೆ ಒಣದನಿಯೂ ಕೋಣೆಯೂ ಒಟ್ಟಿಗೇ ಇಳಿಯುತ್ತವೆ. ಸ್ವರ ಬಸ್ಸಿನಂಥ ಗುಂಪಿಗೆ ಬಸ್ಸಿನ ಫೇಡರ್ ಮುಟ್ಟದೆ, ಐದೂ ಟ್ರ್ಯಾಕ್‌ಗಳನ್ನು ಒಟ್ಟಿಗೆ ಆರಿಸಿಕೊಂಡು ಅವುಗಳ ಫೇಡರ್‌ಗಳನ್ನೇ ಇಳಿಸಿ. ವಿಸಿಎ ಗುಂಪು ಮಾಡಲು ಬರುವವರು ಅದನ್ನು ಬಳಸಬಹುದು. ಅದು ದನಿಯನ್ನು ಕೂಡಿಸದೆ ಫೇಡರ್‌ಗಳನ್ನು ಮಾತ್ರ ಒಟ್ಟಿಗೆ ಆಡಿಸುವ ವ್ಯವಸ್ಥೆ.

ಒಂದು ಎಚ್ಚರ. ಲಯ ಬಸ್ಸಿನಿಂದ ಅದರೊಳಗೇ ಇರುವ ಚಿಕ್ಕ ಕೋಣೆಗೆ ಸೆಂಡ್ ಹಾಕಹೋಗಬೇಡಿ. ಕೋಣೆಯ ದನಿ ಬಸ್ಸಿಗೆ, ಬಸ್ಸಿನದು ಕೋಣೆಗೆ ಎಂದು ಸುತ್ತು ಬೀಳುತ್ತದೆ. ರೀಪರ್ ಸಾಮಾನ್ಯವಾಗಿ ಇದನ್ನು ಬಿಡುವುದಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಫೀಡ್‌ಬ್ಯಾಕ್ ರೌಟಿಂಗಿಗೆ ಅನುಮತಿ ಕೊಡುವ ಟಿಕ್ ಇದೆ. ಅದನ್ನು ಹಾಕಿ ನೋಡೋಣ ಎನ್ನುವ ಕುತೂಹಲ ಕಿವಿಗೂ ಸ್ಪೀಕರಿಗೂ ಒಳ್ಳೆಯದಲ್ಲ.

7. ಡಿಲೇ

ಸಾಲಿನ ಕೊನೆಯ ಪದ ಒಂದೆರಡು ಸಲ ಮರುಕಳಿಸಿ ಕರಗಬೇಕೆಂದರೆ ‘ರಿಯಾಡಿಲೇ’ ಇರುವ ಇನ್ನೊಂದು ಟ್ರ್ಯಾಕ್ ಮಾಡಿ. ಇಲ್ಲೂ ಡ್ರೈ ಪೂರ್ತಿ ಕೆಳಗೆ. ಸಮಯದ ಲೆಕ್ಕ: 60,000ವನ್ನು ನಿಮಿಷಕ್ಕೆ ಇಷ್ಟು ಬೀಟ್ ಎಂಬ ಟೆಂಪೋದಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 80ರ ಟೆಂಪೋಗೆ 750, ಅದರ ಅರ್ಧ 375. ಕ್ಲಿಕ್ (ಟೆಂಪೋ ತೋರಿಸುವ ಟಕ್‌ಟಕ್ ಸದ್ದು) ಇಲ್ಲದೆ ತಬಲದೊಡನೆ ನೇರವಾಗಿ ಹಾಡಿದ ಹಾಡಿಗೆ ಈ ಲೆಕ್ಕ ನಿಲ್ಲದು, ಕಿವಿಯಿಂದಲೇ ಹೊಂದಿಸಬೇಕು. ಡಿಲೇ ಇಡೀ ಹಾಡಿಗೆ ಬೇಕಾಗಿಲ್ಲ. ಸೆಂಡನ್ನು ಪೂರ್ತಿ ಇಳಿಸಿಟ್ಟು, ಬೇಕಾದ ಪದದ ಮೇಲೆ ಮಾತ್ರ ಆಟೋಮೇಶನ್ (ಮಟ್ಟ ತಾನಾಗಿ ಏರಿಳಿಯುವಂತೆ ಎಳೆದ ಗೆರೆ) ಬರೆದು ಏರಿಸಿ. ಡಿಲೇ ಟ್ರ್ಯಾಕಿನಿಂದ ಸಭಾಂಗಣಕ್ಕೂ ಒಂದು ಸಣ್ಣ ಸೆಂಡ್ ಕೊಟ್ಟರೆ ಮರುದನಿ ಮೊನಚು ಕಳೆದುಕೊಂಡು ಹಿಂದೆ ನಿಲ್ಲುತ್ತದೆ.

8. ದನಿ ಬಂದಾಗ ಪ್ಯಾಡ್ ತಗ್ಗಲಿ

ಇದು ಸೆಂಡಿನ ಇನ್ನೊಂದು ಬಳಕೆ, ಸೈಡ್‌ಚೈನ್. ನಕಲು ಕೇಳಿಸಲಿಕ್ಕಲ್ಲ, ಕಂಪ್ರೆಸರಿಗೆ ಸನ್ನೆ ಕೊಡಲು ಮಾತ್ರ. ಮುಖ್ಯ ದನಿಯಿಂದ ಪ್ಯಾಡಿಗೆ ಸೆಂಡ್ ಹಾಕಿ. ಸೆಂಡಿನ ವಿವರದಲ್ಲಿ ಆಡಿಯೋ 1/2ರಿಂದ 1/2ಕ್ಕೆ ಎಂದಿರುತ್ತದೆ, ಗುರಿಯನ್ನು 3/4ಕ್ಕೆ ಬದಲಾಯಿಸಿ. ಬದಲಾಯಿಸಲು ಮರೆತರೆ ಗಾಯಕಿಯ ದನಿ ಪ್ಯಾಡಿನ ಮೂಲಕವೂ ಮಾಸ್ಟರ್ ಸೇರುತ್ತದೆ, ಮತ್ತೆ ಎರಡು ದಾರಿ. ಪ್ಯಾಡಿನ ಮೇಲೆ ‘ರಿಯಾಕಾಂಪ್’ ಹಾಕಿ, ಡಿಟೆಕ್ಟರ್ ಇನ್‌ಪುಟ್‌ನಲ್ಲಿ ‘ಆಕ್ಸಿಲರಿ ಇನ್‌ಪುಟ್’ ಆರಿಸಿ. ಅನುಪಾತ 2:1, ತಗ್ಗುವುದು 2 ಡಿಬಿ. ಕೇಳುವವರಿಗೆ ಪ್ಯಾಡ್ ತಗ್ಗಿದ್ದು ತಿಳಿಯಕೂಡದು, ದನಿ ಮುಂದೆ ಬಂದಂತೆ ಅನಿಸಬೇಕು ಅಷ್ಟೇ.

9. ತಬಲಕ್ಕೆ ಮೈ ತುಂಬಲು

ಪ್ಯಾರಲಲ್ ಕಂಪ್ರೆಶನ್ ಎಂಬುದರ ಬಗ್ಗೆ ಬಹಳ ಜನ ಕೇಳುತ್ತಾರೆ. ತಬಲದ ಎರಡೂ ಮೈಕ್‌ಗಳಿಂದ ಹೊಸ ಟ್ರ್ಯಾಕಿಗೆ ಸೆಂಡ್, ಅಲ್ಲಿ 8:1ರ ಬಿಗಿ ಕಂಪ್ರೆಸರ್, 10 ಡಿಬಿಯಷ್ಟು ಅದುಮಿ, ಆ ಟ್ರ್ಯಾಕಿನ ಫೇಡರನ್ನು ಪೂರ್ತಿ ಕೆಳಗಿನಿಂದ ಮೆಲ್ಲಗೆ ಏರಿಸುವುದು. ಮೂಲ ತಬಲದ ಮೊನೆ ಉಳಿದು, ಕೆಳಗೆ ಸಣ್ಣ ಬೋಲುಗಳು ಎದ್ದುಬರುತ್ತವೆ. ಇಲ್ಲಿ ಎರಡು ದಾರಿ ನಾವೇ ಬೇಕೆಂದು ಮಾಡಿದ್ದು. ಅದಕ್ಕೇ ಜಾಗ್ರತೆ ಬೇಕು. ಎರಡು ದಾರಿಗಳಲ್ಲಿ ಒಂದು ಚೂರು ತಡವಾದರೂ ಕೆಲವು ಕಂಪನಗಳು ಒಂದನ್ನೊಂದು ಕಳೆದು ತಬಲ ಟೊಳ್ಳಾಗಿ ಕೇಳುತ್ತದೆ. ಪ್ಲಗಿನ್ ತಂದ ತಡವನ್ನು ಸಾಫ್ಟ್‌ವೇರ್ ತಾನೇ ಸರಿದೂಗಿಸುತ್ತದೆ, ಆದರೆ ಇಕ್ಯೂ ಫಿಲ್ಟರ್‌ಗಳು ತರುವ ಫೇಸ್ ಬದಲಾವಣೆಯನ್ನು (ಕಂಪನಗಳ ಏರಿಳಿತ ಹಿಂದುಮುಂದಾಗುವುದನ್ನು) ಅದು ಮುಟ್ಟುವುದಿಲ್ಲ. ಹಾಗಾಗಿ ಪ್ಯಾರಲಲ್ ಟ್ರ್ಯಾಕಿನಲ್ಲಿ ಕಡಿದಾದ ಹೈಪಾಸ್ ಹಾಕಬೇಡಿ, ಮೊದಲು ಸೊರಗುವುದು ಡಗ್ಗಾ. ನನ್ನ ಮಟ್ಟಿಗೆ ಭಾವಗೀತೆಗೆ ಇದು ಬಹುಪಾಲು ಬೇಕಾಗುವುದೇ ಇಲ್ಲ. ಜಾನಪದ ಹಾಡಿನ ಢೋಲಕ್ಕಿಗೆ, ಸಿನಿಮಾ ಶೈಲಿಯ ಹಾಡಿಗೆ ಸರಿ.

10. ದಾರಿಗಳ ತಪಾಸಣೆ

ಮಿಕ್ಸ್ ಮುಂದುವರಿಸುವ ಮುಂಚೆ ಐದು ನಿಮಿಷ ಕೊಡಿ. ಆಲ್ಟ್ ಮತ್ತು ಆರ್ ಒತ್ತಿದರೆ ರೌಟಿಂಗ್ ಮ್ಯಾಟ್ರಿಕ್ಸ್ ತೆರೆಯುತ್ತದೆ, ಎಲ್ಲ ದಾರಿಗಳೂ ಒಂದೇ ಚೌಕಟ್ಟಿನಲ್ಲಿ. ಹಾಳೆಯ ಮೇಲೆ ಬರೆದದ್ದರ ಜೊತೆ ಹೋಲಿಸಿ. ಆಮೇಲೆ ಒಂದೊಂದೇ ಬಸ್ಸನ್ನು ಮ್ಯೂಟ್ ಮಾಡಿ ಕೇಳಿ. ಲಯ ಬಸ್ ಮ್ಯೂಟ್ ಆದಾಗ ತಬಲದ ಸುಳಿವೂ ಇರಬಾರದು. ಇದ್ದರೆ ಎಲ್ಲೋ ಇನ್ನೊಂದು ದಾರಿ ಉಳಿದಿದೆ. ರಿವರ್ಬ್ ಟ್ರ್ಯಾಕನ್ನು ಮಾತ್ರ ಕೇಳಿ, ಅಲ್ಲಿ ಅಕ್ಷರಗಳು ಮೊನಚಾಗಿ ಹತ್ತಿರದಿಂದ ಕೇಳಿದರೆ ಡ್ರೈ ಉಳಿದುಕೊಂಡಿದೆ.

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಟ್ರ್ಯಾಕ್ ಸೋಲೋ ಮಾಡಿದರೆ ರಿವರ್ಬ್ ಮಾಯವಾಗುತ್ತದೆ. ಅದು ದೋಷವಲ್ಲ, ರಿಟರ್ನ್ ಟ್ರ್ಯಾಕಿಗೆ ‘ಸೋಲೋ ಸೇಫ್’ ಮಾಡಿಲ್ಲ ಎಂದರ್ಥ. ಪ್ರೋ ಟೂಲ್ಸಿನ ವಿಂಡೋಸ್ ಆವೃತ್ತಿಯಲ್ಲಿ ಕಂಟ್ರೋಲ್, ಮ್ಯಾಕಿನಲ್ಲಿ ಕಮಾಂಡ್ ಹಿಡಿದು ಆ ಟ್ರ್ಯಾಕಿನ ಸೋಲೋ ಗುಂಡಿ ಒತ್ತಿದರೆ ಆಯಿತು.

ಹೆಸರುಗಳ ಹೊಂದಾಣಿಕೆ ಇಷ್ಟು. ಪ್ರೋ ಟೂಲ್ಸ್ ಮತ್ತು ಲಾಜಿಕ್‌ನಲ್ಲಿ ಬಸ್ಸಿಗೂ ರಿಟರ್ನಿಗೂ ಆಕ್ಸ್ ಎಂದೇ ಹೆಸರು. ಲಾಜಿಕ್‌ನಲ್ಲಿ ಗುಂಪು ಬಸ್ಸಿಗೆ ‘ಸಮ್ಮಿಂಗ್ ಸ್ಟ್ಯಾಕ್’ ಎಂಬ ಸುಲಭ ದಾರಿಯಿದೆ, ಪಕ್ಕದಲ್ಲೇ ಇರುವ ‘ಫೋಲ್ಡರ್ ಸ್ಟ್ಯಾಕ್’ ದನಿಯನ್ನು ಕೂಡಿಸುವುದಿಲ್ಲ, ಅದನ್ನು ಬಸ್ ಎಂದುಕೊಳ್ಳಬೇಡಿ. ಕ್ಯೂಬೇಸ್‌ನಲ್ಲಿ ಗ್ರೂಪ್ ಚಾನೆಲ್ ಮತ್ತು ಎಫ್‌ಎಕ್ಸ್ ಚಾನೆಲ್, ಸ್ಟುಡಿಯೋ ಒನ್‌ನಲ್ಲಿ ಬಸ್ ಮತ್ತು ಎಫ್‌ಎಕ್ಸ್ ಚಾನೆಲ್, ಏಬಲ್ಟನ್ ಲೈವ್‌ನಲ್ಲಿ ಗ್ರೂಪ್ ಮತ್ತು ರಿಟರ್ನ್ ಟ್ರ್ಯಾಕ್.

11. ವೇದಿಕೆಗೆ ಟ್ರ್ಯಾಕ್ ತೆಗೆಯುವುದು

ಹಾಡು ಮುಗಿದ ಮೇಲೆ ಗಾಯಕಿ ಕೇಳುವುದು ಖಂಡಿತ: ‘ಕಾರ್ಯಕ್ರಮಕ್ಕೆ ಒಂದು ಟ್ರ್ಯಾಕ್ ಕೊಡಿ, ಕೋರಸ್ ಇರಲಿ, ನನ್ನ ದನಿ ಬೇಡ.’ ದಾರಿಗಳು ಸರಿಯಾಗಿದ್ದರೆ ಇದು ಎರಡು ನಿಮಿಷದ ಕೆಲಸ. ಮುಖ್ಯ ದನಿ ಮ್ಯೂಟ್ ಮಾಡಿದರೆ ಅದರ ಪೋಸ್ಟ್-ಫೇಡರ್ ಸೆಂಡ್‌ಗಳೂ ನಿಲ್ಲುತ್ತವೆ. ಸಭಾಂಗಣದಲ್ಲಿ ಕೋರಸ್ಸಿನದೂ ವಾದ್ಯಗಳದೂ ಮಾತ್ರ ಉಳಿಯುತ್ತದೆ.

ಬೇರೆಯವರಿಗೆ ಗುಂಪುಗಳನ್ನು ಬಿಡಿಬಿಡಿಯಾಗಿ, ಅಂದರೆ ಸ್ಟೆಮ್‌ಗಳಾಗಿ ಕಳಿಸುವಾಗ ಬಸ್ಸನ್ನಷ್ಟೇ ಆರಿಸಿ ರೆಂಡರ್ ಮಾಡಿದರೆ (ಫೈಲಾಗಿ ಬರೆದರೆ) ಹೊರಗಿನ ಸಭಾಂಗಣದ ರಿವರ್ಬ್ ಅದರಲ್ಲಿ ಬರುವುದಿಲ್ಲ. ಗುಂಪನ್ನು ಸೋಲೋ ಮಾಡಿ, ಅದರ ರಿವರ್ಬ್ ಕೇಳುತ್ತಿದೆಯೆಂದು ಖಚಿತ ಮಾಡಿಕೊಂಡು ಮಾಸ್ಟರನ್ನು ರೆಂಡರ್ ಮಾಡಿ. ಮಾಸ್ಟರಿನ ಮೇಲೆ ಕಂಪ್ರೆಸರ್, ಲಿಮಿಟರ್ ಇದ್ದರೆ ಆಫ್ ಮಾಡಿರಬೇಕು. ಇಲ್ಲವಾದರೆ ಪ್ರತಿ ಗುಂಪಿಗೂ ಅದು ಬೇರೆ ಬೇರೆ ರೀತಿ ಅದುಮುತ್ತದೆ, ನಾಲ್ಕು ಸ್ಟೆಮ್ ಮತ್ತೆ ಕೂಡಿಸಿದರೆ ಮೂಲ ಮಿಕ್ಸ್ ಬರುವುದಿಲ್ಲ.

ದನಿಯಿಲ್ಲದ ಟ್ರ್ಯಾಕಿನಲ್ಲಿ ಇನ್ನೊಂದು ಸೂಕ್ಷ್ಮ. ದನಿ ಮ್ಯೂಟ್ ಆದರೆ ಪ್ಯಾಡಿಗೆ ಹೋಗುತ್ತಿದ್ದ ಸನ್ನೆಯೂ ನಿಂತು, ಪ್ಯಾಡ್ 2 ಡಿಬಿ ಮೇಲೇ ಉಳಿಯುತ್ತದೆ. ವೇದಿಕೆಯಲ್ಲಿ ಆಕೆ ಹಾಡುವಾಗ ಅದು ಅಡ್ಡ ಬರುತ್ತದೆ. ಹಾಗಾಗಬಾರದೆಂದರೆ 8ನೇ ಹಂತದ ಸೆಂಡನ್ನು ಮಾತ್ರ ಪ್ರೀ-ಫೇಡರ್ ಮಾಡಿ, ದನಿಯನ್ನು ಮ್ಯೂಟ್ ಮಾಡುವ ಬದಲು ಫೇಡರನ್ನು ಪೂರ್ತಿ ಕೆಳಗಿಳಿಸಿ. ಒಣದನಿ ನಿಲ್ಲುತ್ತದೆ, ಪೋಸ್ಟ್ ಆಗಿರುವ ರಿವರ್ಬ್, ಡಿಲೇ ಸೆಂಡ್‌ಗಳೂ ನಿಲ್ಲುತ್ತವೆ, 3/4ರಲ್ಲಿ ಹೋಗುವ ಸನ್ನೆ ಮಾತ್ರ ನಡೆಯುತ್ತಿದ್ದು ಪ್ಯಾಡ್ ತಗ್ಗಬೇಕಾದ ಕಡೆ ತಗ್ಗುತ್ತದೆ.